ಬರಿ ಹೆಗಡೆ

ಮೊಮ್ಮಗ ಹುಟ್ಟಿ ಏಳು ತಿಂಗಳಾಯಿತು. ಅವನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿಯಿದೆ. ಹೆಸರು ಸಿಗಲಿಲ್ಲವೆಂದಲ್ಲ, ತೊಟ್ಟಿಲಿಗೆ ಹಾಕಿದ ದಿನವೇ ಕಿವಿಯಲ್ಲಿ ಮೂರು ಸಲ ಹೇಳಿಯಾಗಿದೆ. ಜಗಳವೆಲ್ಲ ಹೆಸರಿನ ಬಾಲದ ಬಗ್ಗೆ. ಮಗಳು ಹೆಗಡೆ. ಅಳಿಯ ಅಂಕೋಲಾ ಕಡೆಯ ನಾಯ್ಕ. ಇಬ್ಬರೂ ಕೂತು ಮಾತನಾಡಿ, ಮಗುವಿಗೆ ಹೆಗಡೆಯೂ ಬೇಡ ನಾಯ್ಕವೂ ಬೇಡ, ಇಟ್ಟ ಹೆಸರೊಂದೇ ಸಾಕು ಎಂದು ತೀರ್ಮಾನ ಮಾಡಿದ್ದಾರೆ. ಆ ಸುದ್ದಿ ಕುಟುಂಬದ ವಾಟ್ಸಾಪ್ ಗುಂಪಿಗೆ ಬಿದ್ದ ದಿನದಿಂದ ನಮ್ಮ ಮನೆಯಲ್ಲಿ ಅಡಿಕೆ ದರದ ಮಾತೇ ನಿಂತುಹೋಗಿದೆ. "ತಲೆತಲಾಂತರದಿಂದ ಬಂದ ಮನೆತನದ ಹೆಸರು" ಎಂದು ದೊಡ್ಡ ಭಾವ ಬರೆದರು. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಕೊನೆಗೆ ಅವರೇ, "ಈ ಮನೆಯಲ್ಲಿ ಕನ್ನಡ ಓದಿದವಳು ನೀನು. ಹೆಗಡೆ ಎಂದರೆ ಏನು ಎಂದು ಆ ಮಕ್ಕಳಿಗೆ ತಿಳಿಸಿ ಹೇಳು" ಎಂದು ವಿಷಯವನ್ನು ನನ್ನ ಕೊರಳಿಗೆ ಕಟ್ಟಿದರು.

ತಿಳಿಸಿ ಹೇಳುತ್ತೇನೆ. ಭಾವ ಅಂದುಕೊಂಡ ಹಾಗೆ ಮಾತ್ರ ಅಲ್ಲ.

ನಾನು ಹುಟ್ಟಿದ್ದು ಯಲ್ಲಾಪುರ ತಾಲ್ಲೂಕಿನ ಭಟ್ಟರ ಮನೆಯಲ್ಲಿ, ಸೇರಿದ್ದು ಶಿರಸಿ ಸೀಮೆಯ ಹೆಗಡೆಯವರ ಮನೆಯನ್ನು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಮದುವೆಯಾದ ಹೊಸದರಲ್ಲಿ ಮಂಗಳೂರಿನಲ್ಲಿ ಶಿಕ್ಷಕರ ತರಬೇತಿ ಶಿಬಿರವೊಂದಿತ್ತು. ಹಾಜರಿ ಹಾಳೆಯಲ್ಲಿ ನನ್ನ ಹೆಸರು ನೋಡಿದ ಕಾರ್ಕಳದ ಟೀಚರೊಬ್ಬರು, ಅವರೂ ಹೆಗ್ಡೆ, ಖುಷಿಯಿಂದ ಬಂದು ಪಕ್ಕದಲ್ಲಿ ಕೂತರು. "ನಿಮ್ಮದು ಯಾವ ಬರಿ?" ಎಂದು ಕೇಳಿದರು. ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. ಹೆಗಡೆಯ ಹಿಂದೆ ಮುಂದೆ ಏನಾದರೂ ಇದೆಯೇ ಎಂದು ಕೇಳುತ್ತಿದ್ದಾರೆ ಎಂದುಕೊಂಡು, "ಏನೂ ಇಲ್ಲ, ಬರಿ ಹೆಗಡೆ" ಎಂದೆ. ಅವರು ನಕ್ಕದ್ದು ಇಡೀ ಕೋಣೆಗೆ ಕೇಳಿಸಿತು. ತುಳುವಿನ ಬರಿ ಎಂದರೆ ಕನ್ನಡದ 'ಬಳಿ', ತಾಯಿಯ ಕಡೆಯಿಂದ ಬರುವ ವಂಶ. ಒಂದೇ ಬರಿಯವರಲ್ಲಿ ಮದುವೆಯಿಲ್ಲ. ನಾವು ತಂದೆಯಿಂದ ಗೋತ್ರ ಎಣಿಸುತ್ತೇವೆ, ಅವರು ತಾಯಿಯಿಂದ ಬರಿ ಎಣಿಸುತ್ತಾರೆ, ಇಬ್ಬರ ಹೆಸರಿನ ಕೊನೆಗೂ ಒಂದೇ ಪದ. ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿ ಅಕ್ಕರೆಯಿಂದ ನನ್ನ ಕಡೆಗೆ ಸರಿಸಿದರು. ಕೋರಿ ರೊಟ್ಟಿ. ಗರಿಗರಿ ರೊಟ್ಟಿಯ ಮೇಲೆ ಕೆಂಪು ಕೋಳಿ ಸಾರು. ನಾನು ರೊಟ್ಟಿಯನ್ನಷ್ಟೇ ಮುರಿದುಕೊಂಡು ನನ್ನ ಅಪ್ಪೆಹುಳಿಯಲ್ಲಿ ಅದ್ದಿ ತಿಂದೆ. ಆ ಮೇಲೆ ಐದು ದಿನವೂ ನಾವಿಬ್ಬರು ಜೊತೆಗೇ ಊಟ ಮಾಡಿದೆವು. ಅವರು ನನ್ನನ್ನು ಕರೆಯುತ್ತಿದ್ದುದೇ "ಬರಿ ಹೆಗಡೆ" ಎಂದು.

ಹೆಗಡೆ ಎಂದರೆ ನಮ್ಮ ಹವ್ಯಕ ಬ್ರಾಹ್ಮಣರು ಎಂಬುದು ಶಿರಸಿ, ಸಿದ್ದಾಪುರದ ಬಸ್ ನಿಲ್ದಾಣ ದಾಟುವವರೆಗಿನ ನಂಬಿಕೆ. 1983ರಿಂದ 1988ರವರೆಗೆ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರು, ನಮ್ಮವರು ಎಂದು ಎದೆಯುಬ್ಬಿಸುತ್ತೇವೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದು, ಕಿರಿಯರೊಬ್ಬರನ್ನು ತಮ್ಮ ಮೇಲೆ ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿದಾಗ 1973ರಲ್ಲಿ ರಾಜೀನಾಮೆ ಕೊಟ್ಟು, ಮುಂದೆ ಲೋಕಸಭೆಯ ಸ್ಪೀಕರ್ ಆದ ಕೆ.ಎಸ್. ಹೆಗ್ಡೆ ಬಂಟರು. ಧರ್ಮಸ್ಥಳದ ಹೆಗ್ಗಡೆಯವರು ಜೈನರು. ಕುಂದಾಪುರ, ಉಡುಪಿಯ ಕಡೆ ಕೊಂಕಣಿ ಮಾತನಾಡುವ ಗೌಡ ಸಾರಸ್ವತ ಹೆಗ್ಡೆಗಳಿದ್ದಾರೆ. ಕೊಡಗಿನಲ್ಲಿ ಹೆಗ್ಗಡೆ ಎಂಬ ಒಂದು ಸಮುದಾಯವೇ ಇದೆ, ಮನೆಮಾತು ಕೊಡವ. ತೀರ್ಥಹಳ್ಳಿ ಕಡೆಯ ಒಕ್ಕಲಿಗ ಮನೆಗಳಲ್ಲಿ ಯಜಮಾನ ಹೆಗ್ಗಡೆ, ಯಜಮಾನಿ ಹೆಗ್ಗಡಿತಿ. ಮೈಸೂರಿನಾಚೆ ಹೆಗ್ಗಡದೇವನಕೋಟೆ ಎಂದು ಒಂದು ಊರೇ ಇದೆ. ಇಷ್ಟು ಜನರಿಗೆ ಒಬ್ಬ ಮೂಲಪುರುಷನನ್ನು ಹುಡುಕಲು ಹೊರಟವರು ಮೊದಲು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ ನೋಡಲಿ.

ಅವರೆಲ್ಲರಿಗೂ ಸಮಾನವಾದದ್ದು ರಕ್ತವಲ್ಲ, ಒಂದು ಸರಕಾರಿ ಹುದ್ದೆ.

ಇದಕ್ಕೆ ಸಾಕ್ಷಿ ಶಾಸನಗಳಲ್ಲಿದೆ. ಹಳಗನ್ನಡದಲ್ಲಿ ಈ ಪದ ಪೆರ್ಗಡೆ. ಪೆರ್ ಎಂದರೆ ದೊಡ್ಡದು, ಹಿರಿದು. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಪಳ್ಳಿ ಹಳ್ಳಿಯಾದ ಹಾಗೆ ಪೆರ್ಗಡೆ ಹೆರ್ಗಡೆಯಾಗಿ, ಹೆಗ್ಗಡೆಯಾಗಿ, ಕೊನೆಗೆ ನಮ್ಮ ನಾಲಿಗೆಯಲ್ಲಿ ಒತ್ತಕ್ಷರವನ್ನೂ ಕಳೆದುಕೊಂಡು ಹೆಗಡೆಯಾಯಿತು. ತರಗತಿಯಲ್ಲಿ ಇದನ್ನು ಹೇಳುವಾಗ ಮಕ್ಕಳಿಗೆ ಹೆಬ್ಬೆರಳು ತೋರಿಸಿ ಎನ್ನುತ್ತಿದ್ದೆ. ಹೆಬ್ಬೆರಳು, ಹೆಬ್ಬಾಗಿಲು, ಹೆಬ್ಬುಲಿ, ಹೆಮ್ಮರ, ಎಲ್ಲದರಲ್ಲಿಯೂ ಅದೇ ಪೆರ್. ಹೆಮ್ಮೆಯಲ್ಲಿಯೂ ಅದೇ, ಹಳಗನ್ನಡದ ಪೆರ್ಮೆ. ಹೆಗಡೆಗೂ ಹೆಮ್ಮೆಗೂ ವ್ಯಾಕರಣದಲ್ಲಿಯೇ ನೆಂಟಸ್ತಿಕೆ ಇದೆಯಲ್ಲ, ಭಾವನನ್ನು ಬೈದು ಪ್ರಯೋಜನವಿಲ್ಲ.

ಚಾಲುಕ್ಯರ ಶಾಸನಗಳಲ್ಲಿ ಮನೆವೆರ್ಗಡೆ ಬರುತ್ತಾನೆ. ಅರಮನೆಯ ಮೇಲುಸ್ತುವಾರಿ ಅವನದು. ಹೊಯ್ಸಳರ ಕಾಲದಲ್ಲಿ ಸುಂಕದ ಹೆಗ್ಗಡೆ ಇದ್ದಾನೆ, ಎತ್ತಿನ ಹೇರುಗಳ ಮೇಲೆ ಸುಂಕ ಎತ್ತುವವನು. ಇವನು ದೇವಸ್ಥಾನಕ್ಕೆ ಸುಂಕದ ಪಾಲು ಬಿಟ್ಟುಕೊಟ್ಟು ಕಲ್ಲಿನಲ್ಲಿ ಹೆಸರು ಬರೆಸಿಕೊಂಡದ್ದೂ ಇದೆ. ಇವರನ್ನು ಈಗಿನ ಲೆಕ್ಕಕ್ಕೆ ಇಳಿಸಿದರೆ ಒಬ್ಬ ಕಾರ್ಯದರ್ಶಿ, ಒಬ್ಬ ತೆರಿಗೆ ಅಧಿಕಾರಿ. ತೆಲುಗಿನವರು ಇದೇ ಪದವನ್ನು ಪ್ರೆಗ್ಗಡ, ಪ್ರಗಡ ಎಂದು ಮಾಡಿಕೊಂಡು ಮಂತ್ರಿಗೆ ಬಳಸಿದರು. ಅವರ ಮಹಾಭಾರತವನ್ನು ಬರೆದು ಪೂರೈಸಿದ ಮೂವರು ಕವಿಗಳಲ್ಲಿ ಕೊನೆಯವನು ಎರ್ರಾಪ್ರಗಡ. ಅಂದರೆ, ಹೆಸರಿನ ಲೆಕ್ಕದಲ್ಲಿ, ನಮ್ಮ ಎರ್ರ ಹೆಗಡೆ. ಇದನ್ನು ನಾನು ಗುಂಪಿನಲ್ಲಿ ಹಾಕಿದರೆ ಆತನೂ ಹವ್ಯಕನೇ ಎಂದು ನಾಳೆ ಯಾರಾದರೂ ಸಾಧಿಸುತ್ತಾರೆ ಎಂಬ ಹೆದರಿಕೆಯಿಂದ ಸುಮ್ಮನಿದ್ದೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಡ್ಡಹೆಸರುಗಳಲ್ಲಿ ಅರ್ಧ ಹೀಗೆ ಹಳೆಯ ಕಚೇರಿಗಳಿಂದ ಬಂದವು. ಶಾನಭಾಗ ಎಂದರೆ ಶಾಸನಗಳ ಸೇನಬೋವ, ಊರಿನ ಲೆಕ್ಕ ಬರೆಯುವವನು. ನಾಡಿನ ಕರಣಿಕ ನಾಡಕರ್ಣಿ. ಗಾವುಂಡ ಗೌಡನಾದ. ಆ ಹೆಸರು ಹೊತ್ತು ಹಾಸನದ ಗೌಡರೊಬ್ಬರು 1996ರಲ್ಲಿ ಪ್ರಧಾನಿಯಾದರು. ಅದೇ ಹೆಸರು ಹೊತ್ತು ಅಂಕೋಲೆಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. ಊರಿನ ಶಾನುಭೋಗಿಕೆ, ಪಟೇಲಿಕೆಗಳನ್ನು ಸರಕಾರ 1961ರ ಕಾಯಿದೆಯಿಂದ ರದ್ದು ಮಾಡಿತು, 1963ರಿಂದ ಅವು ಇಲ್ಲ. ಹೆಸರು ಮಾತ್ರ ಪಿಂಚಣಿಯ ಹಾಗೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಬರುತ್ತಲೇ ಇದೆ.

ನಾಯ್ಕದ್ದು ಇನ್ನೂ ಗಮ್ಮತ್ತು. ನಾಯಕ ಎಂದರೆ ಮುಂದಾಳು, ಪಡೆಯ ಮುಖ್ಯಸ್ಥ. ಸೈನ್ಯದಲ್ಲಿ ಈಗಲೂ ಹವಾಲ್ದಾರನ ಕೆಳಗೆ ನಾಯ್ಕ್ ಎಂಬ ದರ್ಜೆಯಿದೆ. ನಮ್ಮನ್ನು ಆಳಿದ ಸೋದೆಯ ಅರಸಪ್ಪ ನಾಯಕ ಆ ಹೆಸರಿನವನು, ಕೆಳದಿಯ ಶಿವಪ್ಪ ನಾಯಕನೂ ಆ ಹೆಸರಿನವನೇ. ಲಂಬಾಣಿ ತಾಂಡಾದ ಹಿರಿಯನೂ ನಾಯ್ಕ. ಕರಾವಳಿಗೆ ಇಳಿದರೆ ನಾಮಧಾರಿಗಳು ನಾಯ್ಕ, ಕಾರವಾರದ ಕೋಮಾರಪಂತರು ನಾಯ್ಕ, ಅಂಕೋಲೆಯ ನಾಡವರು ನಾಯಕ, ಸಾರಸ್ವತರಲ್ಲಿಯೂ ನಾಯಕ. ಒಂದು ಯಕಾರಕ್ಕೆ ಅರ್ಧಾಕ್ಷರವೋ ಪೂರ್ಣಾಕ್ಷರವೋ ಎಂಬುದನ್ನು ಹಿಡಿದು ಜಾತಿ ಅಳೆಯುವ ನಿಷ್ಣಾತರು ನಮ್ಮ ಜಿಲ್ಲೆಯ ಪ್ರತಿ ಬಸ್ಸಿನಲ್ಲಿಯೂ ಒಬ್ಬರಿರುತ್ತಾರೆ. ಮಗಳ ಮದುವೆ ನಿಶ್ಚಯವಾದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಹುಡುಗ ಏನು ಕೆಲಸ ಮಾಡುತ್ತಾನೆ?" ಎಂದಲ್ಲ, "ಯಾವ ನಾಯ್ಕ?" ಎಂದು. ಯಾವ ನಾಯ್ಕ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಓದುತ್ತಾ ನಿಮಗೂ ಆ ಕುತೂಹಲ ಹುಟ್ಟಿದ್ದರೆ ಅದು ನಿಮ್ಮ ಬಳಿಯೇ ಇರಲಿ.

ಮೈಸೂರಿನ ಕಡೆಯ ಸ್ನೇಹಿತೆಯರು ನನ್ನನ್ನು ಕೇಳುವುದಿದೆ, ನಿಮ್ಮಲ್ಲಿ ಏಕೆ ಎಲ್ಲರಿಗೂ ಅಡ್ಡಹೆಸರು, ನಮ್ಮಲ್ಲಿ ಇನಿಶಿಯಲ್ ಸಾಕಲ್ಲ ಎಂದು. ಅವರಿಗೆ ಅಡ್ಡಹೆಸರು ಎಂದರೆ ಗೆಳೆಯರು ತಮಾಷೆಗೆ ಇಡುವ ಹೆಸರು, ನಮಗೆ ಅದೇ ಮನೆತನದ ಹೆಸರು. ಕಾರಣ ಬಹುಮಟ್ಟಿಗೆ ನಕ್ಷೆಯಲ್ಲಿದೆ. 1862ರಲ್ಲಿ ಬ್ರಿಟಿಷರು ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರವರೆಗೆ ನಮ್ಮ ಕಚೇರಿ, ಶಾಲೆ, ಕೋರ್ಟು ಎಲ್ಲಕ್ಕೂ ದಿಕ್ಕು ಮುಂಬಯಿ. ಅಲ್ಲಿಯ ಕ್ರಮ ಮೂರು ಪದದ್ದು: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಹೀಗೆ ಮೂರು ಮೆಟ್ಟಿಲಿನ ಹೆಸರು ಮೈಸೂರು ಸೀಮೆಯಲ್ಲಿ ಅಪರೂಪ. ಊರನ್ನೇ ಹೆಸರಿಗೆ ಅಂಟಿಸಿಕೊಂಡವರೂ ಇದ್ದಾರೆ. ಭಟ್ಕಳ ತಾಲ್ಲೂಕಿನ ಕಾಯ್ಕಿಣಿ ಎಂಬ ಹಳ್ಳಿ ಎಷ್ಟು ದೂರ ಹೋಗಿದೆ ನೋಡಿ. ಕುಮಟಾ, ಹೊನ್ನಾವರದ ನಡುವಿನ ಚಂದಾವರಕ್ಕೆ ಒಂದು 'ಕರ್' ಸೇರಿಸಿ ಚಂದಾವರ್ಕರ್. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್ 1900ರ ಲಾಹೋರ್ ಕಾಂಗ್ರೆಸ್ಸಿಗೆ ಅಧ್ಯಕ್ಷರಾದಾಗ ನಮ್ಮ ಆ ಪುಟ್ಟ ಊರಿನ ಹೆಸರೂ ಜೊತೆಗೆ ಲಾಹೋರಿಗೆ ಹೋಗಿ ಬಂತು. ಹೊನ್ನಾವರ, ಕಾರವಾರದ ಕ್ರೈಸ್ತರ ಫರ್ನಾಂಡಿಸ್, ರೊಡ್ರಿಗಸ್‌ಗಳು ಗೋವೆಯ ಪೋರ್ಚುಗೀಸರಿಂದ ಬಂದವು. ಫರ್ನಾಂಡೊನ ಮಗ ಫರ್ನಾಂಡಿಸ್, ರೊಡ್ರಿಗೊನ ಮಗ ರೊಡ್ರಿಗಸ್, ಎಂದೂ ಕಾಣದ ತಂದೆಯ ಹೆಸರು.

ವ್ಯವಹಾರದಲ್ಲಿ ಈ ಹೆಸರಿನಿಂದ ಕಿಂಚಿತ್ತೂ ಉಪಯೋಗವಿಲ್ಲ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ನಮ್ಮ ಹಳ್ಳಿಯಲ್ಲಿ ಜಿ.ಎಸ್. ಹೆಗಡೆ ಎಂಬವರು ನಾಲ್ವರು. ಗಣಪತಿ, ಗಜಾನನ, ಗೋಪಾಲ, ಮತ್ತೊಬ್ಬ ಗಣಪತಿ. ಒಂದು ವರ್ಷ ನಮ್ಮ ಚಾಲಿ ಅಡಿಕೆಯ ದುಡ್ಡು ಕೆಳಗಿನ ಮನೆಯ ಜಿ.ಎಸ್. ಹೆಗಡೆಯ ಖಾತೆಗೆ ಹೋಗಿ, ಅವರು ಅದರಲ್ಲಿ ಪಂಪ್‌ಸೆಟ್ ಕೊಂಡು, ನಿಜ ತಿಳಿದ ಮೇಲೆ ತಲೆ ಕೆರೆದುಕೊಳ್ಳುತ್ತಾ ಮೂರು ಕಂತಿನಲ್ಲಿ ತಂದುಕೊಟ್ಟರು. ಅಂಚೆಯವನು ಇನಿಶಿಯಲ್ ನೋಡುವುದೇ ಇಲ್ಲ. ಕೆರೆಯ ಪಕ್ಕದ ಮನೆಯೋ, ಮೇಲಿನ ಮನೆಯೋ, ಹೊಸಮನೆಯೋ ಎಂದು ಕೇಳುತ್ತಾನೆ. ಯಕ್ಷಗಾನದವರು ಇದನ್ನು ಎಂದೋ ಅರಿತಿದ್ದರು. ಹೆಗಡೆ ಎಂದು ಕೂಗಿದರೆ ವೇಷ ಕಟ್ಟುವ ಚೌಕಿಯಲ್ಲಿ ಅರ್ಧ ಜನ ತಿರುಗಿ ನೋಡುತ್ತಾರೆ ಎಂದೇ ಇರಬೇಕು, ಕೆರೆಮನೆ ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ ಎಂದು ಊರು ಮನೆಯನ್ನು ಮುಂದಿಟ್ಟರು. ಜನ 'ಚಿಟ್ಟಾಣಿ' ಎಂದರು, ಹೆಗಡೆಯನ್ನು ಮನೆಯಲ್ಲೇ ಬಿಟ್ಟರು.

ಇಷ್ಟರವರೆಗೆ ಬರೆದದ್ದು ಸುಲಭ. ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಬೇರೆ.

ಶಾಲೆಯಲ್ಲಿ ಹಾಜರಿ ಕರೆಯುವುದು ನನಗೆ ಇಷ್ಟದ ಕೆಲಸವಾಗಿತ್ತು. ಹೆಗಡೆ, ಭಟ್ಟ, ನಾಯ್ಕ, ಗೌಡ, ಶೆಟ್ಟಿ, ಆಚಾರಿ, ಮಡಿವಾಳ, ಅಂಬಿಗ, ಸಿದ್ದಿ, ಶೇಖ್, ಫರ್ನಾಂಡಿಸ್. ಒಂದು ಪುಟದಲ್ಲಿ ಇಡೀ ಘಟ್ಟ ಮತ್ತು ಕರಾವಳಿ. ಒಂದು ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕಳುಹಿಸುವ ಹೆಸರುಗಳ ಪಟ್ಟಿ ಸಿದ್ಧ ಮಾಡುತ್ತಿದ್ದೆ. ಅಂಕಪಟ್ಟಿಯಲ್ಲಿ ಬಂದ ಹೆಸರು ಕೊನೆಯವರೆಗೂ ಬೆನ್ನು ಬಿಡುವುದಿಲ್ಲವಾದ್ದರಿಂದ ಒಬ್ಬೊಬ್ಬರನ್ನೇ ಕರೆದು ಅಕ್ಷರ ಸರಿಯಿದೆಯೇ ಎಂದು ತೋರಿಸುತ್ತಿದ್ದೆ. ಮಡಿವಾಳರ ಹುಡುಗನೊಬ್ಬ ಬಂದ. ಓದಿನಲ್ಲಿ ಮುಂದಿದ್ದವನು, ಮಾತು ಕಡಿಮೆ. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತ. "ಟೀಚರ್, ಕೊನೆಯದನ್ನು ಬಿಟ್ಟು ಅಪ್ಪನ ಹೆಸರಿನ ಇನಿಶಿಯಲ್ ಮಾತ್ರ ಹಾಕಬಹುದೇ?" ಎಂದ.

ನಾನು ಪೆನ್ನು ಕೆಳಗಿಟ್ಟು ಪಾಠ ಶುರುಮಾಡಿದೆ. ನನಗೆ ಗೊತ್ತಿದ್ದುದು ಅದೊಂದೇ. ಮಡಿ ಎಂದರೆ ಶುಭ್ರ, ನಿನ್ನ ಹೆಸರಿನಲ್ಲೇ ಶುಭ್ರತೆಯಿದೆ ಎಂದೆ. ಹನ್ನೆರಡನೆಯ ಶತಮಾನದ ಮಡಿವಾಳ ಮಾಚಿದೇವನ ಕತೆ ಹೇಳಿದೆ. ಬಸವಣ್ಣನವರೇ ತಲೆಬಾಗಿದ ಶರಣ, ಅಂಥವನ ಹೆಸರು ನಿನ್ನದು, ನಾಚಿಕೆ ಏಕೆ ಎಂದೆ. ಹುಡುಗ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ತಲೆಯೆತ್ತದೆಯೇ, "ಮಾಚಿದೇವರನ್ನು ಯಾರೂ ಮದುವೆಮನೆಗೆ ನಡೆಮಡಿ ಹಾಸಲು ಕರೆಯುವುದಿಲ್ಲ ಟೀಚರ್" ಎಂದ.

ಆ ಹಿಂದಿನ ವಾರವಷ್ಟೇ ನಮ್ಮ ಕೇರಿಯ ಮದುವೆಯೊಂದರಲ್ಲಿ ದಿಬ್ಬಣದ ಮುಂದೆ ಬಿಳಿಯ ಬಟ್ಟೆ ಹಾಸುತ್ತಾ, ಹಿಂದಿನದನ್ನು ಎತ್ತಿ ಮುಂದಕ್ಕೆ ತರುತ್ತಾ ಬಾಗಿ ಓಡಾಡುತ್ತಿದ್ದವರು ಅವನ ತಂದೆ. ಆ ಬಟ್ಟೆಯ ಮೇಲೆ ನಾನೂ ನಡೆದಿದ್ದೆ, ಹೊಸ ರೇಷ್ಮೆ ಸೀರೆ ಉಟ್ಟು.

ನನಗೆ ಉತ್ತರ ಹೊಳೆಯಲಿಲ್ಲ. "ದಾಖಲೆಯಲ್ಲಿ ಹೇಗಿದೆಯೋ ಹಾಗೆ ಹೋಗಬೇಕು" ಎಂದೆ. ಅದು ನಿಜವೂ ಆಗಿರಲಿಲ್ಲ. ಪಾಲಕರ ಅರ್ಜಿ, ಅದಕ್ಕೆ ಬೇಕಾದ ಕಾಗದ ಕೊಟ್ಟರೆ ದಾರಿಯಿತ್ತು. ಅದನ್ನು ಹುಡುಕಿ ಹೇಳುವ ತೊಂದರೆಯನ್ನು ನಾನು ತೆಗೆದುಕೊಳ್ಳಲಿಲ್ಲ. ಒಳಗೊಳಗೆ, ಹೆಸರು ಮುಚ್ಚಿಡುವುದು ಅಪ್ಪನಿಗೆ ಮಾಡುವ ಅವಮಾನ ಎಂದೂ ಅನ್ನಿಸಿತ್ತು. ಆಗ ನನ್ನ ಹೆಸರಿನ ಕೊನೆಯಲ್ಲಿದ್ದದ್ದು ಹೆಗಡೆ. ಅದನ್ನು ಹೇಳಿದರೆ ಜನ ಕುರ್ಚಿ ಎಳೆದುಕೊಡುತ್ತಾರೆ.

ಒಂದು ಕಾಲದಲ್ಲಿ ಎರಡೂ ಕೆಲಸದ ಹೆಸರುಗಳೇ. ಹೆಗಡೆಯ ಹುದ್ದೆ ಎಂದೋ ಹೋಯಿತು, ಮರ್ಯಾದೆ ಉಳಿಯಿತು. ಮಡಿವಾಳರ ಹುಡುಗರು ಐಟಿಐ ಓದಿದರೂ, ಬ್ಯಾಂಕಿನಲ್ಲಿ ಕೂತರೂ ಊರವರಿಗೆ ಅವರ ಹೆಸರಿನಲ್ಲಿ ಕಾಣುವುದು ಬಟ್ಟೆಯ ಗಂಟೇ. ಸಿದ್ದಿ ಎಂಬುದು ಅರಬ್ಬಿಯ ಗೌರವಸೂಚಕ ಪದದಿಂದ ಬಂದದ್ದು ಎನ್ನುತ್ತಾರೆ, ಒಡೆಯ ಎಂಬ ಅರ್ಥದ್ದು. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಯಲ್ಲಾಪುರ, ಹಳಿಯಾಳದ ಸಿದ್ದಿಗಳೆಲ್ಲ ಆ ಹೆಸರು ಹೊತ್ತಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳಿಗೆ ಒಡೆಯ ಎಂಬ ಹೆಸರು. ಆ ಅರ್ಥ ಹಿಡಿದು ಅವರಿಗೆ ಯಾರೂ ಕುರ್ಚಿ ಎಳೆದುಕೊಟ್ಟದ್ದನ್ನು ನಾನು ನೋಡಿಲ್ಲ. ಹೆಸರಿನ ಅರ್ಥ ನಿಘಂಟಿನಲ್ಲಿ ಒಂದು, ಜಗುಲಿಯ ಮೇಲೆ ಮತ್ತೊಂದು. ಮೂವತ್ತೊಂದು ವರ್ಷ ನಾನು ನಿಘಂಟಿನದನ್ನು ಮಾತ್ರ ಕಲಿಸಿದೆ.

ಅಡ್ಡಹೆಸರು ಬಿಟ್ಟರೆ ಜಾತಿ ಹೋಗುತ್ತದೆ ಎಂದು ನಂಬುವಷ್ಟು ನಾನು ಮುಗ್ಧೆಯಲ್ಲ. ಇನಿಶಿಯಲ್ ಇಟ್ಟುಕೊಂಡವರ ಊರುಗಳಲ್ಲಿ ಬಾಡಿಗೆ ಮನೆ ಕೇಳಿದರೆ "ನಿಮ್ಮ ಊಟ ಹೇಗೆ?" ಎಂಬ ಪ್ರಶ್ನೆ ಬರುತ್ತದೆ. ಕೇಳುವವರಿಗೆ ದಾರಿ ನೂರು. ಆದರೂ ಕೇಳುವವರು ಬಾಯಿ ಬಿಟ್ಟು ಕೇಳಲಿ, ಸ್ವಲ್ಪವಾದರೂ ಮುಜುಗರ ಪಡಲಿ. ಉತ್ತರವನ್ನು ಮಗುವಿನ ಬೆನ್ನಿಗೆ ಅಂಟಿಸಿ ಕಳುಹಿಸುವ ಜರೂರು ನಮಗೇನು?

ಭಾವನ ಮಾತಿನಲ್ಲಿ ನನಗೆ ಸಿಟ್ಟು ತರಿಸಿದ್ದು ಇನ್ನೊಂದು. ಮೊನ್ನೆ ಅವರು ಫೋನಿನಲ್ಲಿ, "ಬಿಡು, ಈಗಿನ ಕಾಲದ ಮಕ್ಕಳು, ಆದರ್ಶ ಎನ್ನುತ್ತಾರೆ" ಎಂದು ತುಸು ಹೆಮ್ಮೆಯಿಂದಲೇ ಹೇಳಿದರು. ಹೆಗಡೆಯವರ ಮೊಮ್ಮಗ ಬಿಟ್ಟರೆ ಆದರ್ಶ. ಆ ಮಡಿವಾಳರ ಹುಡುಗ ಬಿಡುತ್ತೇನೆ ಎಂದಾಗ ನಾನು ಅದನ್ನು ಮುಚ್ಚಿಡುವುದು ಎಂದುಕೊಂಡಿದ್ದೆ. ಅವನ ಅಂಕಪಟ್ಟಿಯಲ್ಲಿ ಪೂರ್ತಿ ಹೆಸರೇ ಇದೆ. ಪಟ್ಟಿಯಲ್ಲಿ ದುಂಡಗೆ ಬರೆದವಳು ನಾನು.

ಜನನ ನೋಂದಣಿಯಲ್ಲಿ ಮಗುವಿನ ಹೆಸರು ಸೇರಿಸಲು 12 ತಿಂಗಳವರೆಗೆ ಶುಲ್ಕವಿಲ್ಲ. ಆ ಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ನಿನ್ನೆ ರಾತ್ರಿ ಮಗಳು ಫೋನ್ ಮಾಡಿ, "ಆಯಿ, ನೀನು ಏನೂ ಹೇಳಲಿಲ್ಲ" ಎಂದಳು. ಹಿಂದೆ ಮಗು ಯಾವುದೋ ಪಾತ್ರೆಯನ್ನು ನೆಲಕ್ಕೆ ಬಡಿಯುತ್ತಿತ್ತು.

ಇಂದು ಬೆಳಿಗ್ಗೆ ಗುಂಪಿನಲ್ಲಿ ಬರೆದೆ: "ಹೆಗಡೆ ಎಂದರೆ ದೊಡ್ಡ ಅಧಿಕಾರಿ. ನಾಯಕ ಎಂದರೆ ಪಡೆಯ ಮುಂದಾಳು. ಮಗುವಿಗೆ ಇನ್ನೂ ಎರಡೇ ಹಲ್ಲು. ಹೆಸರು ಮಾತ್ರ ಸಾಕು."

ಎರಡು ನೀಲಿ ಗೀಟು ಬಂದಿವೆ. ಭಾವನಿಂದ ಉತ್ತರ ಬಂದಿಲ್ಲ.